ಕೆಂಪು ಕಾಣದ ಗಾಜು, ಕೆಂಪು ರಿಬ್ಬನ್

1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಉಪನ್ಯಾಸ ಕೊಟ್ಟ. ಆಗ ಅವನಿಗೆ 29 ವರ್ಷ. ಪರದೆಯ ಮೇಲೆ ಅವನು ತೋರಿಸಿದ್ದು ಕಪ್ಪು ಮಖಮಲ್ಲಿನ ಮೇಲಿಟ್ಟ ಬಣ್ಣದ ಪಟ್ಟೆಗಳ ರಿಬ್ಬನ್ನಿನ ಒಂದು ಗಂಟನ್ನು. ಈಗ ಎಲ್ಲರೂ ಅದನ್ನು ಟಾರ್ಟನ್ ರಿಬ್ಬನ್ ಎನ್ನುತ್ತಾರೆ. ಜಗತ್ತಿನ ಮೊದಲ ಬಣ್ಣದ ಫೋಟೋ ಎಂದು ಪುಸ್ತಕಗಳು ಸಾಮಾನ್ಯವಾಗಿ ಮುದ್ರಿಸುವುದು ಇದನ್ನೇ. ತಮಾಷೆಯೆಂದರೆ, ಅದನ್ನು ತೆಗೆದ ಗಾಜಿನ ಪ್ಲೇಟಿಗೆ ಕೆಂಪು ಬಣ್ಣ ಕಾಣುವಂತೆಯೇ ಇರಲಿಲ್ಲ.

ಮ್ಯಾಕ್ಸ್‌ವೆಲ್‌ಗೆ ಫೋಟೋಗಿಂತ ಕಣ್ಣಿನ ಮೇಲೆ ಆಸಕ್ತಿ. ಬಿಳಿ ಬೆಳಕಿನೊಳಗೆ ಎಲ್ಲ ಬಣ್ಣಗಳೂ ಇವೆ ಎಂದು ನ್ಯೂಟನ್ ಪಟ್ಟಕದಿಂದ ತೋರಿಸಿ ಆಗಲೇ ಎರಡು ಶತಮಾನ ಸಮೀಪಿಸಿತ್ತು. ಬೆಳಕಿನಲ್ಲಿ ಲೆಕ್ಕವಿಲ್ಲದಷ್ಟು ಬಣ್ಣಗಳಿದ್ದರೆ, ಚಿತ್ರಕಾರರಿಗೆ ಮೂರೇ ಬಣ್ಣ ಸಾಕಾಗುವುದು ಹೇಗೆ? ಥಾಮಸ್ ಯಂಗ್ 1802ರಲ್ಲಿ ಕೊಟ್ಟ ಉತ್ತರ ಸರಳ: ಮೂರು ಎನ್ನುವ ಲೆಕ್ಕ ಇರುವುದು ಬೆಳಕಿನಲ್ಲಲ್ಲ, ನಮ್ಮ ಕಣ್ಣಿನಲ್ಲಿ. ಇದನ್ನು ಮ್ಯಾಕ್ಸ್‌ವೆಲ್ ಬುಗುರಿ ಆಡಿಸಿ ಪರೀಕ್ಷಿಸಿದ. ಬಣ್ಣದ ಕಾಗದದ ಚೂರುಗಳನ್ನು ಬುಗುರಿಯ ತಟ್ಟೆಗೆ ಸಿಕ್ಕಿಸಿ ತಿರುಗಿಸುವುದು, ಯಾವ ಪಾಲಿನಲ್ಲಿ ಬೆರೆತರೆ ಬೂದು ಬಣ್ಣ ಬರುತ್ತದೆಂದು ಅಳೆಯುವುದು. ಬಣ್ಣಗುರುಡು ಇದ್ದವರನ್ನೂ ಕೂರಿಸಿ ಅಳೆದ.

ಯಂಗ್ ಹೇಳಿದ್ದು ನಮಗೆ ದಿನವೂ ಕೈಯಲ್ಲೇ ಇದೆ. ಊರಿನಿಂದ ಅಮ್ಮ ಅರಿಸಿನ ಬಣ್ಣದ ಸೀರೆಯುಟ್ಟು ವಿಡಿಯೋ ಕಾಲ್‌ಗೆ ಬಂದರೆ, ನಿಮ್ಮ ಫೋನಿನ ಪರದೆಯಲ್ಲಿ ಹಳದಿಗೆಂದು ಬೇರೆ ಚುಕ್ಕೆಯೇ ಇಲ್ಲ. ಕೆಂಪು ಮತ್ತು ಹಸಿರು ಚುಕ್ಕೆಗಳು ಒಟ್ಟಿಗೆ ಬೆಳಗುತ್ತವೆ, ಹಳದಿಯನ್ನು ನೀವೇ ಮಾಡಿಕೊಳ್ಳುತ್ತೀರಿ.

ಇದನ್ನು ಸಭೆಗೆ ತೋರಿಸಲೆಂದೇ ಆ ರಿಬ್ಬನ್. ಥಾಮಸ್ ಸಟನ್ ಎಂಬ ಛಾಯಾಗ್ರಾಹಕ ಅದರ ಮೂರು ಫೋಟೋ ತೆಗೆದ. ಮೂರೂ ಕಪ್ಪು ಬಿಳುಪಿನವೇ. ಆದರೆ ಪ್ರತಿ ಸಲವೂ ಲೆನ್ಸಿನ ಮುಂದೆ ಬಣ್ಣದ ದ್ರಾವಣ ತುಂಬಿದ ಗಾಜಿನ ತೊಟ್ಟಿ ಇಟ್ಟ: ನೀಲಿಗೂ ಹಸಿರಿಗೂ ತಾಮ್ರದ ಲವಣಗಳು, ಕೆಂಪಿಗೆ ಕಬ್ಬಿಣದ ಥಯೋಸಯನೇಟ್. ನೀಲಿಗೆ 6 ಸೆಕೆಂಡು ಸಾಕಾಯಿತು. ಹಸಿರಿಗೆ, ಅದೂ ದ್ರಾವಣವನ್ನು ತೆಳುಮಾಡಿದ ಮೇಲೆ, 12 ನಿಮಿಷ. ಕೆಂಪಿಗೆ 8 ನಿಮಿಷ. ಆಮೇಲೆ ಮೂರು ಲಾಟೀನುಗಳಿಂದ, ಅದೇ ದ್ರಾವಣಗಳ ಮೂಲಕ, ಮೂರು ಚಿತ್ರಗಳನ್ನೂ ಒಂದರ ಮೇಲೊಂದು ಬೀಳಿಸಿದರು. ರಿಬ್ಬನ್ ಬಣ್ಣ ತಾಳಿತು. ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಕೆಂಪು, ಹಸಿರು ಚಿತ್ರಗಳು ನೀಲಿಯಷ್ಟು ಪೂರ್ತಿಯಾಗಿ ಮೂಡಿಲ್ಲವೆಂದು ಮ್ಯಾಕ್ಸ್‌ವೆಲ್ ತಾನೇ ಹೇಳಿದ.

ಪೂರ್ತಿಯಾಗಿ ಇರಲಿ, ಕೆಂಪು ಮೂಡಿದ್ದಾದರೂ ಹೇಗೆ? ಆಗಿನ ಕೊಲೋಡಿಯನ್ ಪ್ಲೇಟಿನಲ್ಲಿದ್ದ ಬೆಳ್ಳಿಯ ಲವಣ ನೀಲಿ, ನೇರಳೆ ಬೆಳಕಿಗೆ ಮಾತ್ರ ಬದಲಾಗುತ್ತಿತ್ತು. ಕೆಂಪು ಬೆಳಕಿನ ಒಂದೊಂದು ಕಣಕ್ಕೂ ಅದನ್ನು ಅಲುಗಾಡಿಸುವಷ್ಟು ಶಕ್ತಿಯಿಲ್ಲ. ಎಷ್ಟು ಹೊತ್ತು ಕಾದರೂ ಅಷ್ಟೇ. ಹಳೆಯ ಸ್ಟುಡಿಯೋ ಫೋಟೋಗಳಲ್ಲಿ ಹಣೆಯ ಕುಂಕುಮ ಕಾಡಿಗೆಯಂತೆ ಕಪ್ಪಗಿರುವುದನ್ನು ನೋಡಿದ್ದೀರಲ್ಲ, ಆ ಕಾಯಿಲೆ ಪ್ಲೇಟುಗಳನ್ನು ಎಷ್ಟೋ ಕಾಲ ಬಿಡಲಿಲ್ಲ.

ಗಂಟು ಬಿಡಿಸಿದ್ದು ಸರಿಯಾಗಿ ನೂರು ವರ್ಷದ ಮೇಲೆ, 1961ರಲ್ಲಿ. ಕೊಡಾಕ್ ಕಂಪನಿಯ ರಾಲ್ಫ್ ಇವಾನ್ಸ್ ಮತ್ತು ಸಂಗಡಿಗರು ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಕಬ್ಬಿಣದ ಆ ಕೆಂಪು ದ್ರಾವಣ ಕೆಂಪು ಬೆಳಕಿನ ಜೊತೆಗೆ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಹಾಯಲು ಬಿಡುತ್ತಿತ್ತು. ಬಟ್ಟೆಯ ಅನೇಕ ಕೆಂಪು ಬಣ್ಣಗಳು ಆ ಕಿರಣಗಳನ್ನು ಪ್ರತಿಫಲಿಸುತ್ತವೆ. ಪ್ಲೇಟಿಗೆ ಅವು ಚೆನ್ನಾಗಿ ಕಾಣುತ್ತವೆ. ಅಂದರೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭೆ ಕೆಂಪೆಂದು ನೋಡಿದ್ದು, ಕೆಂಪಿನ ಜಾಗದಲ್ಲೇ ಅಡಗಿ ಕೂತಿದ್ದ ನೇರಳಾತೀತದ ಅಚ್ಚನ್ನು. ಸಿದ್ಧಾಂತ ಸರಿ, ಪ್ರಯೋಗ ಗೆದ್ದದ್ದು ಮಾತ್ರ ಅದೃಷ್ಟದಿಂದ. ಬೇರೊಂದು ಕೆಂಪು ದ್ರಾವಣವೋ ಬೇರೊಂದು ರಿಬ್ಬನ್ನೋ ಆಗಿದ್ದರೆ ಅಂದು ಪರದೆಯ ಮೇಲೆ ಕೆಂಪಿನ ಪಾಲು ಬರಿದಾಗಿರುತ್ತಿತ್ತು. ನನಗಂತೂ ಇದರಿಂದ ಮ್ಯಾಕ್ಸ್‌ವೆಲ್ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಕೈಕೊಡುವ ಸಾಮಗ್ರಿ ಹಿಡಿದೂ ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು.

ಪ್ಲೇಟಿಗೆ ನಿಜವಾದ ಕೆಂಪನ್ನು ಕಲಿಸುವ ದಾರಿ ತೆರೆದದ್ದು 1873ರಲ್ಲಿ. ಬೆಳ್ಳಿಯ ಲವಣಕ್ಕೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದು ಬೇರೆ ಬೆಳಕಿಗೂ ಎಚ್ಚರಗೊಳ್ಳುತ್ತದೆಂದು ಬರ್ಲಿನ್ನಿನ ಹೆರ್ಮನ್ ಫೋಗಲ್ ಕಂಡುಕೊಂಡ.

ಫೋನಿನ ಕ್ಯಾಮೆರಾ ಇಂದಿಗೂ ಸಟನ್ ಮಾಡಿದ್ದನ್ನೇ ಮಾಡುತ್ತದೆ, ಮೂರು ಸಲದ ಬದಲು ಒಂದೇ ಸಲಕ್ಕೆ. ಸಿಲಿಕಾನ್ ಚಿಪ್ಪಿನ ಒಂದೊಂದು ಕಣವೂ ಬೆಳಕು ಎಷ್ಟೆಂದು ಮಾತ್ರ ಎಣಿಸಬಲ್ಲದು, ಯಾವ ಬಣ್ಣವೆಂದು ಹೇಳಲಾರದು. ಅದಕ್ಕೇ ಅವುಗಳ ಮೇಲೆ ಪುಟ್ಟ ಬಣ್ಣದ ಶೋಧಕಗಳ ಹಾಸು. ಕೊಡಾಕ್‌ನವನೇ ಆದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ ನಾಲ್ಕು ಮನೆಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರಿನ ಸುತ್ತಲೇ ನಮ್ಮ ಕಣ್ಣು ಹೆಚ್ಚು ಚುರುಕು, ಅದಕ್ಕೇ ಅದಕ್ಕೆ ಎರಡು ಪಾಲು.

ಸಿಲಿಕಾನ್‌ಗೂ ಕಣ್ಣಿಗೆ ಕಾಣದ್ದು ಕಾಣುತ್ತದೆ, ಈ ಸಲ ಕೆಂಪಿನ ಆಚೆಯ ಅವಗೆಂಪು. ಅದನ್ನು ತಡೆಯಲು ಕ್ಯಾಮೆರಾದೊಳಗೆ ಇನ್ನೊಂದು ಶೋಧಕ ಇಡುತ್ತಾರೆ. ತಡೆ ಪೂರ್ತಿಯಲ್ಲ. ಕತ್ತಲ ಕೋಣೆಯಲ್ಲಿ ಟಿವಿ ರಿಮೋಟಿನ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ. ಹಲವು ಫೋನುಗಳ ಪರದೆಯಲ್ಲಿ ಮಾತ್ರ ನಸು ನೇರಳೆಯ ಒಂದು ಚುಕ್ಕೆ ಮಿನುಗುತ್ತದೆ.