ದನ ಹೋದ ಮೇಲೆ ಉಳಿದ ಹುಲ್ಲು

ಸಿಡ್ನಿಯ ವಾಯವ್ಯಕ್ಕೆ, ಹಾಕ್ಸ್‌ಬರಿ ನದಿ ದಾಟಿ ಬ್ಲೂ ಮೌಂಟನ್ಸ್ ಕಡೆಗೆ ಏರತೊಡಗಿದರೆ ಐದೈದು ಎಕರೆಯ ಹಿಡುವಳಿಗಳು ಸಾಲುಸಾಲಾಗಿ ಸಿಗುತ್ತವೆ. ಇಲ್ಲಿ ಮನೆ ಕೊಳ್ಳಲು ಬರುವವರು ಅಡಿಗೆಮನೆ ಎಷ್ಟು ದೊಡ್ಡದು, ಮಳೆನೀರಿನ ಟ್ಯಾಂಕು ಎಷ್ಟು, ಪೇಟೆ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಹುಲ್ಲನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಡಿಸೆಂಬರಿನ ಬೇಸಿಗೆಯಲ್ಲಿ ಎರಡು ಮಳೆ ಬಿದ್ದ ಮೇಲೆ ಹುಲ್ಲೇ ಅವರನ್ನು ವಿಚಾರಿಸಿಕೊಳ್ಳುತ್ತದೆ.

ನಮ್ಮದೂ ಅಂಥದೇ ಐದೆಕರೆ. ಮನೆ, ಶೆಡ್ಡು, ಮರಗಳ ತೋಪು, ಸಣ್ಣದೊಂದು ಕೆರೆ ಬಿಟ್ಟರೆ ಉಳಿದ ಮೂರು ಎಕರೆ ಬಯಲು ಹುಲ್ಲು. ಅದರಲ್ಲಿ ಅರ್ಧ ಇಳಿಜಾರು. ಇದಕ್ಕೆ ಯಾವ ಮೋವರ್ ತರಬೇಕು ಎಂದು ಅಂಗಡಿ ಅಂಗಡಿ ತಿರುಗಿದೆ. ಮಾರುವವರು ಎಂಜಿನ್ನಿನ ಶಕ್ತಿ, ಬ್ಲೇಡಿನ ಅಗಲ, ಸೀಟಿನ ಮೆತ್ತೆಯ ಬಗ್ಗೆ ಹೇಳುತ್ತಾರೆ. ಆ ಯಂತ್ರ ಯಾವ ಹುಲ್ಲಿಗಾಗಿ, ಯಾರ ರಟ್ಟೆಯನ್ನು ನೆಚ್ಚಿ ಹುಟ್ಟಿತು ಎಂಬುದು ಅವರ ಪಟ್ಟಿಯಲ್ಲಿ ಇರುವುದಿಲ್ಲ. ನನಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಆ ಸಂಗತಿಗಳೇ.

ಮೊದಲು ಹುಲ್ಲಿನ ಜಾತಕ. ಇಲ್ಲಿ ಬೆಳೆಯುವುದು ಕಿಕುಯು. ಕೀನ್ಯಾದ ಕಿಕುಯು ಜನರಿಂದ ಬಂದ ಹೆಸರು. ಪೂರ್ವ ಆಫ್ರಿಕದ ಎತ್ತರದ ನೆಲ ಅದರ ತವರು. ಊಟಿಗೆ ಹೋದವರು ಗೊತ್ತಿಲ್ಲದೆಯೇ ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಂಡಿರಬಹುದು, ನೀಲಗಿರಿಯಲ್ಲೂ ಅದು ನೆಲೆಯೂರಿದೆ. ಮೊದಲ ಮಹಾಯುದ್ಧ ಮುಗಿದ ಸುಮಾರಿಗೆ ಆಸ್ಟ್ರೇಲಿಯಾಕ್ಕೆ ಬಂತು. ಇದು ಬೇಕಾಗಿದ್ದದ್ದು ಅಂಗಳದ ಚೆಂದಕ್ಕಲ್ಲ, ಹಾಲು ಕೊಡುವ ದನಗಳ ಹೊಟ್ಟೆಗೆ. ನೆಲದ ಮೇಲೆ ಹಬ್ಬುವ ಕಾಂಡ ಒಂದು, ನೆಲದೊಳಗೆ ಹರಿಯುವ ಕಾಂಡ ಇನ್ನೊಂದು. ಎರಡೂ ಗಿಣ್ಣುಗಿಣ್ಣಿಗೆ ಬೇರು ಬಿಡುತ್ತವೆ. ದನ ಮೇಯಲಿ, ತುಳಿಯಲಿ, ವಾರದಲ್ಲಿ ಮತ್ತೆ ಚಿಗುರುತ್ತದೆ. ಹೈನುಗಾರನಿಗೆ ಇದಕ್ಕಿಂತ ದೊಡ್ಡ ವರ ಬೇಕೆ?

ಇದರ ಪಕ್ಕದಲ್ಲಿ ಬಡಪಾಯಿಯಂತೆ ಇನ್ನೊಂದು ಹುಲ್ಲೂ ಇದೆ. ಇವರು ಅದನ್ನು ಕೂಚ್ ಎನ್ನುತ್ತಾರೆ, ಅಮೆರಿಕದವರು ಬರ್ಮುಡಾ ಹುಲ್ಲು ಎನ್ನುತ್ತಾರೆ. ಅದು ನಮ್ಮ ಗರಿಕೆಯೇ. ಗಣೇಶನ ಹಬ್ಬದ ಹೊತ್ತಿಗೆ ಇಲ್ಲಿ ಚಳಿ ಮುಗಿದು ಅದು ಆಗಷ್ಟೇ ಚಿಗುರತೊಡಗಿರುತ್ತದೆ. ಕಿಕುಯು ಇನ್ನೂ ಮುಟ್ಟದ ಬೇಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರೆ ಇಪ್ಪತ್ತೊಂದು ಎಳೆಗೆ ಕೊರತೆಯಿಲ್ಲ.

ಸಿಡ್ನಿ ಹಿಗ್ಗುತ್ತಾ ಹೋದಂತೆ ಹೊರವಲಯದ ಹೈನು ಸರಿಯಿತು, ಜಮೀನು ತುಂಡಾಯಿತು, ದನಗಳು ಹೋದವು. ಹುಲ್ಲು ಹೋಗಲಿಲ್ಲ. ನಾನು ಫೋನಿನಲ್ಲಿ ಮೋವರ್ ಪುರಾಣ ಹೇಳುತ್ತಿದ್ದಾಗ ಸಾಗರದಿಂದ ಅಮ್ಮ ಕೇಳಿದ್ದು ಒಂದೇ ಮಾತು: "ಅಷ್ಟು ಹುಲ್ಲು ಕೊಯ್ದು ಸುಮ್ನೆ ಬಿಸಾಡ್ತೀಯೇನೋ? ಒಂದು ದನ ಆದ್ರೂ ಕಟ್ಟಬಾರ್ದಾ?" ನಾನು ನಕ್ಕೆನಾದರೂ, ಈ ನೆಲದ ಚರಿತ್ರೆಯನ್ನು ಅವಳಷ್ಟು ಚಿಕ್ಕದಾಗಿ ಯಾರೂ ಹೇಳಿಲ್ಲ. ನಾವು ಕೊಳ್ಳಹೊರಟಿರುವುದು ಇಲ್ಲದ ದನದ ಬದಲಿಗೆ ಒಂದು ಹೊಟ್ಟೆಯಿಲ್ಲದ ಬಾಯಿ.

ದನಕ್ಕೂ ಮೊದಲು? ನದಿಯನ್ನು ಡ್ಯಾರಬಿನ್ ಎಂದು ಕರೆಯುತ್ತಿದ್ದ ದಾರುಗ್ ಜನ ಈ ನೆಲವನ್ನು ಬೆಂಕಿಯಿಂದ ನೋಡಿಕೊಳ್ಳುತ್ತಿದ್ದರು. ಹದವರಿತು ಸಣ್ಣ ಸಣ್ಣ ತುಂಡುಗಳಲ್ಲಿ ಹಾಕುವ ತಂಪು ಬೆಂಕಿ ಅದು. ಸುಟ್ಟಲ್ಲಿ ಎಳೆ ಚಿಗುರು, ಚಿಗುರಿಗೆ ಕಾಂಗರೂ, ಕಾಂಗರೂ ಬಂದಲ್ಲಿ ಬೇಟೆ. 1788ರ ನಂತರ ಬಂದ ಬ್ರಿಟಿಷರು, ಈ ಕಾಡು ಇಂಗ್ಲೆಂಡಿನ ಶ್ರೀಮಂತರ ಉದ್ಯಾನದ ಹಾಗಿದೆ ಎಂದು ಬರೆದುಕೊಂಡದ್ದನ್ನು ಇತಿಹಾಸಕಾರ ಬಿಲ್ ಗ್ಯಾಮೇಜ್ 2011ರ ತಮ್ಮ ಪುಸ್ತಕದಲ್ಲಿ ರಾಶಿ ಹಾಕಿದ್ದಾರೆ. ಆ ಉದ್ಯಾನಕ್ಕೆ ತೋಟಗಾರರಿದ್ದರು ಎಂಬುದು ಅವರ ವಾದ. 1794ರಿಂದ ವಲಸಿಗರು ಹಾಕ್ಸ್‌ಬರಿ ದಂಡೆಯಲ್ಲಿ ಬೇಸಾಯ ಹೂಡಿದಾಗ ಹೋದದ್ದು ದಾರುಗ್ ಜನ ಗೆಡ್ಡೆ ಅಗೆದು ತಿನ್ನುತ್ತಿದ್ದ ನೆಲ. ವರ್ಷಗಟ್ಟಲೆ ರಕ್ತ ಹರಿಯಿತು. ಬೆಂಕಿ ಹಿಡಿದ ಕೈಗಳು ಇಲ್ಲವಾದವು. ಆಗಿನ ಮುಖ್ಯ ಹುಲ್ಲು ಕಾಂಗರೂ ಹುಲ್ಲು, ಶಾಸ್ತ್ರೀಯ ಹೆಸರು ಥೆಮೆಡಾ. ಅದೇ ಕುಲದ ಹುಲ್ಲು ನಮ್ಮ ಪಶ್ಚಿಮಘಟ್ಟದ ಗುಡ್ಡಗಳಲ್ಲೂ ಇದೆ. ಬೇಣದ ಕರಡ ಕೊಯ್ದು ಹೊರೆ ಕಟ್ಟಿದವರಿಗೆ ಹುಲ್ಲು ಎಂದರೆ ಒಂದು ಫಸಲು. ಕೊಯ್ದು ಅಲ್ಲೇ ಬಿಡುವ ಹುಲ್ಲು ಅವರಿಗೆ ಅರ್ಥವಾಗದ ಪದಾರ್ಥ.

ಕೊಯ್ದು ಬಿಡುವ ಹುಲ್ಲಿನ ಶೋಕಿ ಇಂಗ್ಲೆಂಡಿನದು. ಅಲ್ಲಿನ ದೊಡ್ಡ ಬಂಗಲೆಗಳ ಮುಂದಿನ ಹುಲ್ಲುಹಾಸನ್ನು ಉದ್ದ ಹಿಡಿಯ ಕುಡುಗೋಲು ಬೀಸುವ ಆಳುಗಳು ಕೊಯ್ಯುತ್ತಿದ್ದರು. ಇಬ್ಬನಿ ಇರುವಾಗಲೇ ಹುಲ್ಲು ಚೆನ್ನಾಗಿ ಸೀಳುವುದರಿಂದ ಬೆಳಗಿನ ಜಾವದಲ್ಲಿ ಕೆಲಸ. ಕ್ರಿಕೆಟ್ಟಿನ ತವರು ಎನ್ನಿಸಿಕೊಂಡ ಲಾರ್ಡ್ಸ್ ಮೈದಾನದಲ್ಲಿ ಕುರಿಗಳೇ ಮೇಯುತ್ತಿದ್ದವು. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಉಣ್ಣೆಬಟ್ಟೆಯ ಗಿರಣಿಗಳ ಊರು. ನೇಯ್ದ ಬಟ್ಟೆಯ ಮೇಲೆದ್ದ ಜುಂಗನ್ನು ಸಮನಾಗಿ ಕತ್ತರಿಸಲು ಗಿರಣಿಯಲ್ಲಿ ಉರುಳೆಗೆ ಸುತ್ತಿದ ಅಲಗುಗಳ ಯಂತ್ರವಿತ್ತು. ಅದನ್ನು ನೋಡಿ, ಬಟ್ಟೆಯ ಜಾಗದಲ್ಲಿ ನೆಲವನ್ನು ಇಟ್ಟರೆ ಹೇಗೆ ಎಂದು ಯೋಚಿಸಿದವನು ಎಡ್ವಿನ್ ಬಡ್ಡಿಂಗ್. ಜಾನ್ ಫೆರಬಿ ಎಂಬ ಪಾಲುದಾರನೊಂದಿಗೆ 1830ರಲ್ಲಿ ಪೇಟೆಂಟ್ ಪಡೆದ. ಊರವರು ನಗುತ್ತಾರೆಂದೋ ಕದಿಯುತ್ತಾರೆಂದೋ ರಾತ್ರಿ ಹೊತ್ತು ಪರೀಕ್ಷೆ ಮಾಡುತ್ತಿದ್ದನಂತೆ.

ಆ ಮೊದಲ ಯಂತ್ರ ಕತ್ತರಿಸುತ್ತಿದ್ದದ್ದು 19 ಅಂಗುಲ ಅಗಲದ ಪಟ್ಟಿ. ನನ್ನ ಶೆಡ್ಡಿನಲ್ಲಿರುವ ತಳ್ಳುವ ಮೋವರ್ 18 ಅಂಗುಲದ್ದು. ಇಷ್ಟು ವರ್ಷಗಳಲ್ಲಿ ಎಂಜಿನ್ ಬಂತು, ಬ್ಯಾಟರಿ ಬಂತು, ಅಗಲ ಮಾತ್ರ ಬದಲಾಗಲಿಲ್ಲ. ಅದನ್ನು ತೀರ್ಮಾನಿಸುವುದು ಮನುಷ್ಯನ ತೋಳು. ಬಡ್ಡಿಂಗ್ ತನ್ನ ಪೇಟೆಂಟ್ ಅರ್ಜಿಯಲ್ಲೇ, ಹಳ್ಳಿಯ ಶ್ರೀಮಂತರಿಗೆ ಇದನ್ನು ತಾವೇ ತಳ್ಳುವುದು ಒಳ್ಳೆಯ ವ್ಯಾಯಾಮವಾದೀತು ಎಂದು ಸೂಚಿಸಿದ್ದ. ಶ್ರೀಮಂತರು ತಳ್ಳಿದ್ದು ಎಷ್ಟೋ, ಆ ಕುಡುಗೋಲಿನ ಆಳುಗಳಿಗಂತೂ ಕೆಲಸ ಕಡಿಮೆಯಾಯಿತು.

ದೊಡ್ಡ ಜಾಗದ ಪ್ರಶ್ನೆ ಎದ್ದದ್ದು ಅದರ ಬೆನ್ನಿಗೇ. 1840ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಅರ್ಬ್ರೋತ್‌ನ ಅಲೆಕ್ಸಾಂಡರ್ ಶ್ಯಾಂಕ್ಸ್ ಸಣ್ಣ ಕುದುರೆ ಎಳೆಯುವ ಅಗಲದ ಯಂತ್ರ ಮಾಡಿದ. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳದಿರಲೆಂದು ಕುದುರೆಗಳ ಕಾಲಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. ಭಾರತದ ಕ್ಲಬ್ಬುಗಳ ಮೈದಾನಗಳಿಗೆ ಇದೇ ಯಂತ್ರ ಬಂದಾಗ ನೊಗಕ್ಕೆ ಹೆಗಲು ಕೊಟ್ಟದ್ದು ಎತ್ತು. 1893ರಲ್ಲಿ ಲ್ಯಾಂಕಶೈರಿನ ಜೇಮ್ಸ್ ಸಮ್ನರ್ ಉಗಿಯಿಂದ ನಡೆಯುವುದನ್ನು ಮಾಡಿದ. ನೀರು ಕಾಯುವ ಹೊತ್ತಿಗೆ ಅರ್ಧ ಬಯಲು ಕೈಯಲ್ಲೇ ಕೊಯ್ಯಬಹುದಿತ್ತೇನೋ! 1902ಕ್ಕೆ ಇಪ್ಸ್‌ವಿಚ್‌ನ ರ‍್ಯಾನ್ಸಮ್ಸ್ ಕಂಪನಿಯ ಪೆಟ್ರೋಲ್ ಯಂತ್ರ ಬಂತು.

ಇವೆಲ್ಲ ಉರುಳೆ ಜಾತಿಯವು, ಕತ್ತರಿಯ ಹಾಗೆ ಎರಡು ಅಲಗಿನ ನಡುವೆ ಹುಲ್ಲನ್ನು ಕತ್ತರಿಸುವಂಥವು. ಇಂಗ್ಲೆಂಡಿನ ಗಿಡ್ಡ, ನಯವಾದ ಹುಲ್ಲಿಗೆ ಹೇಳಿ ಮಾಡಿಸಿದ್ದು. ಮೊಣಕಾಲುದ್ದ ಬೆಳೆದ ಕಿಕುಯು ಎದುರಿಗೆ ಸಿಕ್ಕರೆ ಉರುಳೆ ಹುಲ್ಲನ್ನು ಒಳಕ್ಕೆ ಎಳೆದುಕೊಳ್ಳಲಾರದೆ ಬಗ್ಗಿಸಿ ಮೇಲೆ ಹಾದುಹೋಗುತ್ತದೆ, ಇಲ್ಲವೇ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಇಲ್ಲಿ ಬೇಕಾದದ್ದು ಕತ್ತರಿಯಲ್ಲ, ಕತ್ತಿ.

ಅದು ಸಿಕ್ಕಿದ್ದು ಸಿಡ್ನಿಯ ಕಾಂಕರ್ಡ್ ಎಂಬ ಬಡಾವಣೆಯಲ್ಲಿ. ಬ್ಲೇಡು ಅಡ್ಡಲಾಗಿ ತಿರುಗುವ ಯಂತ್ರ ಇಂಗ್ಲೆಂಡಿನಲ್ಲಿ 1930ರ ದಶಕದಲ್ಲೇ ಇತ್ತು. ಸಿಡ್ನಿಯಲ್ಲೇ ಲಾರೆನ್ಸ್ ಹಾಲ್ ಎಂಬಾತ 1948ರಲ್ಲಿ ಒಂದನ್ನು ಮಾಡಿದ್ದ, ಭಾರ ಜಾಸ್ತಿ. ಮೆರ್ವಿನ್ ವಿಕ್ಟರ್ ರಿಚರ್ಡ್ಸನ್ ಮಹಾ ಆರ್ಥಿಕ ಕುಸಿತದಲ್ಲಿ ಕೈ ಸುಟ್ಟುಕೊಂಡಿದ್ದ ಮನುಷ್ಯ. ಮಗ ಓದಿನ ನಡುವೆ ಹುಲ್ಲು ಕೊಯ್ದು ಕಾಸು ಸಂಪಾದಿಸುತ್ತಿದ್ದ. 1952ರಲ್ಲಿ ಅಪ್ಪ ಗುಜರಿ ಸಾಮಾನು ಕೂಡಿಸಿ, ವಿಲಿಯರ್ಸ್ ಎಂಜಿನ್ನನ್ನು ಮಗ್ಗುಲಿಗೆ ಮಲಗಿಸಿ, ಪೀಚ್ ಹಣ್ಣಿನ ಖಾಲಿ ಡಬ್ಬವನ್ನು ಪೆಟ್ರೋಲ್ ಟ್ಯಾಂಕ್ ಮಾಡಿ ಒಂದು ಹಗುರವಾದ ಮೋವರ್ ಕಟ್ಟಿದ. ತನ್ನ ನಡುವಿನ ಹೆಸರನ್ನು ಮೊಟಕು ಮಾಡಿ ವಿಕ್ಟಾ ಎಂದು ಕರೆದ. ತಿರುಗುವ ತಟ್ಟೆಯ ಅಂಚಿಗೆ ಸಡಿಲವಾಗಿ ಸಿಕ್ಕಿಸಿದ ಸಣ್ಣ ಅಲಗುಗಳು ಅದರ ಗುಟ್ಟು: ವೇಗಕ್ಕೆ ನೆಟ್ಟಗೆ ನಿಲ್ಲುತ್ತವೆ, ಕಲ್ಲು ಬಡಿದರೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಯುದ್ಧಾನಂತರ ಕಾಲು ಕಾಲು ಎಕರೆಯಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದ ದೇಶಕ್ಕೆ, ಆಳಿಲ್ಲದ ಸಂಸಾರಕ್ಕೆ ಇದೇ ಬೇಕಿತ್ತು. ಅದೇ ದಶಕ ಮುಗಿಯುವ ಮುನ್ನ ವರ್ಷಕ್ಕೆ ಲಕ್ಷಕ್ಕೂ ಮೀರಿ ತಯಾರಾಗುತ್ತಿದ್ದವು. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಮೋವರ್ ತಳ್ಳುವವರ ಒಂದು ನೃತ್ಯವೇ ಇತ್ತು. ಬೇರೆ ಯಾವ ದೇಶವೂ ಹೀಗೆ ಹುಲ್ಲು ಕೊಯ್ಯುವುದನ್ನು ಜಗತ್ತಿಗೆ ತೋರಿಸಿಕೊಂಡಿರಲಾರದು.

ಕಾಲೆಕರೆಗೆ ಅದು ಸರಿ. ಮೂರೆಕರೆ ಎಂದರೆ ಸುಮಾರು 12,000 ಚದರ ಮೀಟರ್. 18 ಅಂಗುಲದ ಮೋವರ್ ತಳ್ಳುತ್ತಾ ಹೋದರೆ ಒಂದು ಸಲ ಕೊಯ್ಯಲು 26 ಕಿಲೋಮೀಟರ್ ನಡೆಯಬೇಕು, ಪಟ್ಟಿಯ ಮೇಲೆ ಪಟ್ಟಿ ಬೀಳುವುದನ್ನು ಲೆಕ್ಕಕ್ಕೆ ಹಿಡಿಯದೆ. 42 ಅಂಗುಲದ ಸವಾರಿ ಮೋವರ್‌ಗೆ ಅದು 11 ಕಿಲೋಮೀಟರ್ ಚಿಲ್ಲರೆ. 60 ಅಂಗುಲಕ್ಕೆ 8. ಬೇಸಿಗೆಯಲ್ಲಿ ಇದು ವಾರವಾರದ ಕೆಲಸ.

ಬಿಟ್ಟರೆ ಏನಾಗುತ್ತದೆ ಎಂದು ಊರಿನವರು ಕೇಳಬಹುದು. 2019ರ ಡಿಸೆಂಬರಿನಲ್ಲಿ ಗೋಸ್ಪರ್ಸ್ ಮೌಂಟನ್ ಕಾಳ್ಗಿಚ್ಚು ಬಿಲ್ಪಿನ್ ತನಕ ಇಳಿದು ಬಂತು. ಆಗ ಮನೆಯ ಸುತ್ತ ಗಿಡ್ಡವಾಗಿ ಕೊಯ್ದ ಹುಲ್ಲು ಎಂಬುದು ಅಂದದ ಮಾತಾಗಿ ಉಳಿಯಲಿಲ್ಲ. ಅಗ್ನಿಶಾಮಕ ದಳದವರು ವರ್ಷವರ್ಷ ಹೇಳುವುದೂ ಅದನ್ನೇ. ಆ ಬೆಂಕಿ ಆರಿದ ಮೇಲೆ ಸತತ ಮಳೆಯ ವರ್ಷಗಳು. 2021ರಲ್ಲಿ ಒಮ್ಮೆ, 2022ರಲ್ಲಿ ಮತ್ತೆ ಮತ್ತೆ ಹಾಕ್ಸ್‌ಬರಿ ಉಕ್ಕಿತು. ಕಿಕುಯು ಕುಣಿಯಿತು. ಇದರ ಜೊತೆಗೆ ಕಂದು ಹಾವಿನ ಭಯ ಬೇರೆ, ಉದ್ದ ಹುಲ್ಲಿನಲ್ಲಿ ಅದು ಕಾಣುವುದೇ ಇಲ್ಲ.

ಅಂಗಡಿಯವರು ಒತ್ತಿ ಹೇಳಿದ್ದು ಝೀರೋ ಟರ್ನ್ ಮೋವರ್. 1960ರ ದಶಕದಲ್ಲಿ ಕಾನ್ಸಾಸ್‌ನ ಜಾನ್ ರೀಗಿಯರ್ ರೂಪಿಸಿದ ಮಾದರಿಯಿಂದ ಬೆಳೆದದ್ದು. ಕಾನ್ಸಾಸ್ ಎಂದರೆ ಬಹುಪಾಲು ಬಯಲು ಸೀಮೆ ಎಂಬುದನ್ನು ನೆನಪಿಡಿ. ಸ್ಟಿಯರಿಂಗ್ ಚಕ್ರವಿಲ್ಲ, ಎರಡು ಸನ್ನೆಗಳು. ಹಿಂದಿನ ಒಂದೊಂದು ಚಕ್ರವೂ ತನ್ನಷ್ಟಕ್ಕೆ ತಿರುಗುತ್ತದೆ. ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ, ಮರಗಳ ನಡುವೆ ನೋಡಲು ಸೊಗಸು. ಆದರೆ ಓಡಿಸುವುದೂ ತಿರುಗಿಸುವುದೂ ಅವೇ ಹಿಂದಿನ ಚಕ್ರಗಳು. ಒದ್ದೆ ಇಳಿಜಾರಿನಲ್ಲಿ ಅವು ಹಿಡಿತ ಕಳೆದುಕೊಂಡರೆ ವೇಗದ ಜೊತೆಗೆ ದಿಕ್ಕೂ ಕೈತಪ್ಪುತ್ತದೆ, ಮುಂದಿನ ಚಕ್ರಗಳು ಆಫೀಸು ಕುರ್ಚಿಯ ಚಕ್ರದಂತೆ ಸುಮ್ಮನೆ ಹೊರಳುತ್ತವೆ. ಕೆಳಗೆ ಕೆರೆ ಇರುವವನಿಗೆ ಇದು ಸಾಕು.

ಹಾಗಾಗಿ ನಾನು ತಂದದ್ದು ಮುಂದೆ ಎಂಜಿನ್, ಕೈಯಲ್ಲಿ ಸ್ಟಿಯರಿಂಗ್ ಇರುವ ಹಳೆಯ ನಮೂನೆಯ 42 ಅಂಗುಲದ ಸವಾರಿ ಮೋವರ್. ಸವಾರಿ ಯಂತ್ರವನ್ನು ಇಳಿಜಾರಿನಲ್ಲಿ ಮೇಲಕ್ಕೂ ಕೆಳಕ್ಕೂ ಓಡಿಸಬೇಕು, ಅಡ್ಡ ಓಡಿಸಿದರೆ ಮಗುಚುತ್ತದೆ; ತಳ್ಳುವ ಮೋವರ್‌ಗೆ ಇದೇ ತಿರುಗುಮುರುಗು, ಅಡ್ಡವೇ ಕ್ಷೇಮ, ಕಾಲು ಜಾರಿದರೂ ಬ್ಲೇಡಿನ ಕಡೆಗೆ ಜಾರುವುದಿಲ್ಲ. ಕಡಿದಾದ ಒಂದೆಕರೆಗೆ ಮಾತ್ರ ಯಾವ ಯಂತ್ರವನ್ನೂ ಇಳಿಸಲಿಲ್ಲ. ಬೇಲಿ ಹಾಕಿಸಿ ಪಕ್ಕದವರಿಗೆ ಹೇಳಿದೆ. ಬೇಸಿಗೆಯುದ್ದಕ್ಕೂ ಅವರ ಎರಡು ದನ ಅಲ್ಲೇ ಇರುತ್ತವೆ. ನನ್ನ ಪಾಲಿನ ಕೆಲಸ ತೊಟ್ಟಿಗೆ ನೀರು ಬಿಡುವುದು.