ಸಾವಿರದ ಇಪ್ಪತ್ತನಾಲ್ಕೂವರೆ

ನನ್ನ ತಂಗಿಯ ಮಗಳು ಸಿನಿಮಾದಲ್ಲಿ ಕೆಲಸ ಮಾಡುತ್ತಾಳೆ ಎಂದರೆ ನಮ್ಮ ಬೀದಿಯವರು ಮೊದಲು ಕೇಳುವುದು, "ಯಾವ ಪಾರ್ಟು?" ಎಂದು. ಪಾರ್ಟೂ ಇಲ್ಲ, ಪರದೆಯ ಮೇಲೆ ಮುಖವೂ ಇಲ್ಲ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಅಮೆರಿಕ, ಇಂಗ್ಲೆಂಡಿನ ಚಿತ್ರಗಳಿಗೆ ಹೊಗೆ, ನೀರು, ಬೆಂಕಿ ಮಾಡಿಕೊಡುತ್ತಾರೆ. ಹಾಗೆ ಮಾಡುವವರ ಕಂಪ್ಯೂಟರುಗಳು ನಡುವೆ ಕೈಕೊಡದಂತೆ ನೋಡಿಕೊಳ್ಳುವುದು ಇವಳ ಪಾಲಿನ ಕೆಲಸ. ಅಡುಗೆಯವಳಲ್ಲ, ಒಲೆ ಸರಿಯಾಗಿ ಉರಿಯುತ್ತಿದೆಯೇ ಎಂದು ನೋಡುವವಳು ಎನ್ನಿ.

2021ರಲ್ಲಿ ಕೊರೊನಾದ ಎರಡನೆಯ ಅಲೆ ಬಂದಾಗ ಅವಳು ಕಂಪ್ಯೂಟರನ್ನು ಹೊತ್ತುಕೊಂಡು ನಮ್ಮ ಮನೆಗೇ ಬಂದಳು. ನಡುಮನೆಯ ಮೂಲೆ ಅವಳ ಆಫೀಸಾಯಿತು. ಒಂದು ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ದೀಪ ಉರಿಯುತ್ತಿದೆ, ಹುಡುಗಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಳೆ. ಆ ದಿನಗಳಲ್ಲಿ ಯಾರು ಹಾಗೆ ಕೂತರೂ ಎದೆ ಧಸಕ್ಕೆನ್ನುತ್ತಿತ್ತು.

"ಏನಾಯ್ತೇ?" ಎಂದೆ.

"ಸಾವಿರದ ಇಪ್ಪತ್ತನಾಲ್ಕೂವರೆ ನಂಬರಿನ ಚಿತ್ರ ಕೇಳ್ತಾ ಇದೆ ದೊಡ್ಡಮ್ಮ. ಅಂಥದ್ದು ಎಲ್ಲಿಂದ ತರಲಿ?"

ಕಾಫಿ ಮಾಡಿ ತಂದು ಎದುರಿಗೆ ಕೂತೆ. ಆ ಅರ್ಧ ಎಲ್ಲಿಂದ ಬಂತು ಎಂಬ ಕಥೆಯನ್ನು ಅವಳು ಅಂದು ರಾತ್ರಿ ಸ್ವಲ್ಪ, ಆಮೇಲಿನ ದಿನಗಳಲ್ಲಿ ಸ್ವಲ್ಪ ಹೇಳಿದಳು. ನನಗೆ ಅದು ಬೇಗ ಅರ್ಥವಾದದ್ದಕ್ಕೆ ಒಂದು ಕಾರಣವಿದೆ. ಮದುವೆಯಾದ ಹೊಸದರಲ್ಲಿ ನಾನು ಊರಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಆಗ ಕನ್ನಡ ಅಕ್ಷರದ ಒಂದೊಂದು ತಂತ್ರಾಂಶದ್ದೂ ಒಂದೊಂದು ದಾರಿ. ಇಲ್ಲಿ ಕೂಡಿಸಿದ್ದನ್ನು ಫ್ಲಾಪಿಯಲ್ಲಿ ಹಾಕಿ ಇನ್ನೊಂದು ಪ್ರೆಸ್ಸಿಗೆ ಕಳಿಸಿದರೆ ಅಲ್ಲಿ ತೆರೆದುಕೊಳ್ಳುತ್ತಿದ್ದುದು ಬರೀ ಸೊಟ್ಟ ಗೆರೆ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 1996ರಲ್ಲಿ ಹೀಗೇ ಒಂದು ಮದುವೆಯ ಕಾಗದ ಕೆಟ್ಟು, ಮತ್ತೆ ಮೊದಲಿನಿಂದ ಕೂಡಿಸಿ, ಮುಹೂರ್ತಕ್ಕೆ ನಾಲ್ಕು ದಿನವಿರುವಾಗ ಅಚ್ಚಾಯಿತು. ಆ ವಾರದ ಕೂಲಿ ನನಗೆ ಸಿಗಲಿಲ್ಲ. ತಪ್ಪು ಯಾರದೆಂದು ಇವತ್ತಿಗೂ ತಿಳಿಯದು.

ಸಿನಿಮಾದವರ ತೊಂದರೆಯೂ ಇದೇ ಜಾತಿಯದು. ಒಂದು ದೃಶ್ಯವನ್ನು ಒಂದೇ ತಂತ್ರಾಂಶದಲ್ಲಿ ಮಾಡಿ ಮುಗಿಸುವುದಿಲ್ಲ. ಗೊಂಬೆಯಂತೆ ಆಕಾರ ಕಟ್ಟಿ ನಡೆಸುವುದಕ್ಕೆ ಮಾಯಾ, ನೀರು ಹೊಗೆಗಳಿಗೆ ಹೂಡಿನಿ, ಎಲ್ಲವನ್ನೂ ಒಂದರ ಮೇಲೊಂದು ಕೂಡಿಸುವುದಕ್ಕೆ ನ್ಯೂಕ್. ಮಾಡುವ ಕಂಪನಿಗಳು ಬೇರೆ ಬೇರೆ. ಇವುಗಳೊಳಗೆ ಸ್ಟುಡಿಯೋದವರು ತಾವೇ ಬರೆದ ಚಿಕ್ಕಪುಟ್ಟ ಉಪಕರಣಗಳನ್ನೂ ಸೇರಿಸಿಕೊಳ್ಳುತ್ತಾರೆ. ಇವೆಲ್ಲವೂ ನಿಂತಿರುವುದು ಮಾತ್ರ ಎಲ್ಲರೂ ಹಂಚಿಕೊಂಡು ಬಳಸುವ ಕೆಲವು ಸಿದ್ಧ ಭಾಗಗಳ ಮೇಲೆ. ಅವುಗಳಿಗೆ ಲೈಬ್ರರಿ ಎಂದು ಹೆಸರು. ಪುಸ್ತಕದ ಲೈಬ್ರರಿಯಲ್ಲ, ಒಬ್ಬರು ಮಾಡಿಟ್ಟದ್ದನ್ನು ಹತ್ತು ಜನ ಎತ್ತಿಕೊಳ್ಳುವ ಉಗ್ರಾಣ.

ಆ ಉಗ್ರಾಣದ ಕಥೆಯೇ ಚೆನ್ನಾಗಿದೆ. 'ಸ್ಟಾರ್ ವಾರ್ಸ್' ಚಿತ್ರಕ್ಕೆಂದು ಹುಟ್ಟಿದ ಐಎಲ್ಎಂ ಸ್ಟುಡಿಯೋದಲ್ಲಿ ಫ್ಲೋರಿಯನ್ ಕೈಂಝ್ ಮತ್ತು ಜೊತೆಯವರು ಕಡುಬೆಳಕು, ಕಡುಗತ್ತಲು ಎರಡನ್ನೂ ಕಳೆದುಕೊಳ್ಳದೆ ಚಿತ್ರವನ್ನು ಇಟ್ಟುಕೊಳ್ಳುವ ಓಪನ್ ಇಎಕ್ಸ್ಆರ್ ಎಂಬ ಕ್ರಮವನ್ನು ರೂಪಿಸಿದರು. ಮೊದಲ ಹ್ಯಾರಿ ಪಾಟರ್ ಚಿತ್ರ ಅದನ್ನು ಬಳಸಿದ ಮೊದಲ ಕೆಲವು ಚಿತ್ರಗಳಲ್ಲಿ ಒಂದು. 2003ರಲ್ಲಿ ಅದನ್ನು ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟರು. ಆಮೇಲೆ ಸೋನಿಯವರು ಬಣ್ಣದ ಲೆಕ್ಕಕ್ಕೆ ಓಪನ್ ಕಲರ್ ಐಓ ಕೊಟ್ಟರು, 2012ರಲ್ಲಿ ಡ್ರೀಮ್‌ವರ್ಕ್ಸ್‌ನವರು ಮೋಡ ಹೊಗೆಗಳಿಗೆ ಓಪನ್ ವಿಡಿಬಿ ಕೊಟ್ಟರು. ಪೈಪೋಟಿಯಲ್ಲಿ ಒಬ್ಬರನ್ನೊಬ್ಬರು ಮೀರಲು ನೋಡುವ ಮನೆಗಳು ಉಪ್ಪಿನಕಾಯಿಯ ಹದವನ್ನು ಬೇಲಿಯಾಚೆ ಹೇಳಿಕೊಟ್ಟ ಹಾಗೆ. ನಮ್ಮ ಕಡೆ ಅಷ್ಟು ಸುಲಭವಾಗಿ ಹೇಳಿಕೊಡುವುದಿಲ್ಲ, ನಿಮಗೆ ಗೊತ್ತೇ ಇದೆ.

ತೊಡಕು ಬಂದದ್ದು ಆವೃತ್ತಿಗಳಲ್ಲಿ. ಒಂದೇ ಲೈಬ್ರರಿಯ ಹಳೆಯದನ್ನು ಒಂದು ಕಂಪನಿ ಇಟ್ಟುಕೊಂಡರೆ ಹೊಸದನ್ನು ಇನ್ನೊಂದು ಹಾಕಿಕೊಳ್ಳುತ್ತಿತ್ತು. ಒಂದೇ ತಂತ್ರಾಂಶದ ಹೊಟ್ಟೆಯೊಳಗೆ ಒಂದರ ಎರಡು ಆವೃತ್ತಿಗಳು ಎದುರುಬದುರಾದರೆ ಅದು ಅಲ್ಲೇ ಕುಸಿದು ಬೀಳುತ್ತದೆ, ಅಥವಾ ಇನ್ನೂ ಕೆಟ್ಟದ್ದು, ಬೀಳದೆ ತಪ್ಪು ಲೆಕ್ಕ ಕೊಡುತ್ತದೆ. ಹಾಗಾಗಿ ಸ್ಟುಡಿಯೋದವರು ತಮ್ಮ ಒಂದೊಂದು ಉಪಕರಣವನ್ನೂ ಮಾಯಾಕ್ಕೊಂದು ನ್ಯೂಕ್‌ಗೊಂದು ಎಂದು ಮತ್ತೆ ಮತ್ತೆ ಕಟ್ಟುತ್ತಿದ್ದರು. ಈ ದಂಡದ ಖರ್ಚನ್ನು ತಡೆದುಕೊಳ್ಳುವಷ್ಟು ಲಾಭದ ಕಸುಬೂ ಇದಲ್ಲ. 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೋ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ಆ ಚಿತ್ರದ ಪರಿಣಾಮಗಳಿಗೆ ಆಸ್ಕರ್ ಬಂತು. ಮುಂಬೈ, ಹೈದರಾಬಾದಿನಲ್ಲೂ ಅದರ ಕವಲುಗಳಿದ್ದವು.

ಕೊನೆಗೆ ವಿಷುವಲ್ ಎಫೆಕ್ಟ್ಸ್ ಸೊಸೈಟಿಯ ತಂತ್ರಜ್ಞಾನ ಸಮಿತಿಯ ಆಸರೆಯಲ್ಲಿ ಸ್ಟುಡಿಯೋದವರೂ ತಂತ್ರಾಂಶ ಮಾರುವವರೂ ಕೂತು 2014ರ ವರ್ಷಕ್ಕೆಂದು ಒಂದು ಪಟ್ಟಿ ಮಾಡಿದರು: ಈ ವರ್ಷ ಹೊರಬರುವ ತಂತ್ರಾಂಶಗಳಲ್ಲಿ ಇಂತಿಂಥ ಲೈಬ್ರರಿಯ ಇಂತಿಂಥ ಆವೃತ್ತಿ ಇರಲಿ. ಕಾನೂನಲ್ಲ, ಒತ್ತಾಯವಿಲ್ಲ, ಬರೀ ಒಪ್ಪಂದ. ನನಗೆ ಇಷ್ಟವಾದದ್ದು ಇದು: ಅವರು ಹೊಸದನ್ನು ಆರಿಸಲಿಲ್ಲ. ಆ ಮೊದಲ ಪಟ್ಟಿಯಲ್ಲಿದ್ದ ಜಿಸಿಸಿ 4.1.2 ಆಗಲೇ ಏಳು ವರ್ಷ ಹಳೆಯದು. ಎಲ್ಲರ ಮನೆಯಲ್ಲೂ ಹೊಂದುವುದು ಯಾವುದೆಂದು ನೋಡಿದರು. ಅಂದಿನಿಂದ ವರ್ಷಕ್ಕೊಂದು ಪಟ್ಟಿ, ಪಂಚಾಂಗದ ಹಾಗೆ ಮುಂಚೆಯೇ ಬರುತ್ತದೆ. 2018ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಯೇ ಲಿನಕ್ಸ್ ಫೌಂಡೇಶನ್ ಜೊತೆ ಸೇರಿ ಈ ಲೈಬ್ರರಿಗಳನ್ನು ಸಾಕಲು ಒಂದು ಸಂಸ್ಥೆ ಕಟ್ಟಿತು.

ಇನ್ನು ಆ ಅರ್ಧದ ವಿಷಯ. ಪಟ್ಟಿಯಲ್ಲಿ ಪೈಥಾನ್ ಎಂಬ ಭಾಷೆಯೂ ಇದೆ, ಸ್ಟುಡಿಯೋದ ಅಂಟು ಕೆಲಸವೆಲ್ಲ ಅದರಲ್ಲೇ. ಅದರ ಮೂರನೆಯ ಆವೃತ್ತಿ ಬಂದದ್ದು 2008ರಲ್ಲಿ. ಆದರೂ 2019ರ ಪಟ್ಟಿಯವರೆಗೆ ಹಳೆಯ 2.7 ಕೂತೇ ಇತ್ತು. 2020ರ ಜನವರಿ 1ಕ್ಕೆ ಎರಡರ ಉಪಚಾರ ನಿಲ್ಲುತ್ತದೆಂದಾಗ, 2020ರ ಪಟ್ಟಿಯಲ್ಲಿ 3.7 ಎಂದು ಬರೆದರು. ಮಾಯಾ, ನ್ಯೂಕ್‌ಗಳು ಆ ಹಾದಿಗೆ ಬರುವಾಗ 2021 ಆಗಿತ್ತು. ನಮ್ಮ ಹುಡುಗಿಯೇ ಮುಂದೆ ನಿಂತು, ಈಗಲೇ ಬದಲಾಯಿಸೋಣ, ತಡಮಾಡಿದಷ್ಟೂ ಕಷ್ಟ, ಎಂದು ಮೇಲಿನವರನ್ನು ಒಪ್ಪಿಸಿದ್ದಳು. ಸೋತರೆ ಮಾತು ಬರುವುದೂ ಅವಳ ಮೇಲೆಯೇ.

ಹಳೆಯ ಪೈಥಾನ್‌ಗೆ ಐದನ್ನು ಎರಡರಿಂದ ಭಾಗಿಸು ಎಂದರೆ ಎರಡು ಎನ್ನುತ್ತಿತ್ತು, ಅರ್ಧವನ್ನು ನುಂಗಿಬಿಡುತ್ತಿತ್ತು. ಹೊಸದು ಪ್ರಾಮಾಣಿಕವಾಗಿ ಎರಡೂವರೆ ಎನ್ನುತ್ತದೆ. ದೃಶ್ಯದ ನಡುವಿನ ಚಿತ್ರವೊಂದನ್ನು ತೆಗೆದು ಮಾದರಿಗೆ ತೋರಿಸುವ ಹಳೆಯ ಉಪಕರಣವೊಂದು ಅವರಲ್ಲಿತ್ತು. ಎರಡು ಸೆಕೆಂಡಿನ ದೃಶ್ಯ, ಸೆಕೆಂಡಿಗೆ 24ರಂತೆ 48 ಚಿತ್ರ, ನಂಬರು 1001ರಿಂದ 1048. ಎರಡನ್ನೂ ಕೂಡಿ ಅರ್ಧ ಮಾಡಿದರೆ 1024.5. ಅಷ್ಟು ವರ್ಷ ಯಾರಿಗೂ ಕಾಣದೆ ನುಂಗಿಹೋಗುತ್ತಿದ್ದ ಅರ್ಧ ಆ ರಾತ್ರಿ ನಮ್ಮ ನಡುಮನೆಗೆ ಬಂದು ಕೂತಿತ್ತು. ಬರೆದವರು ಯಾವಾಗಲೋ ಕೆಲಸ ಬಿಟ್ಟು ಹೋಗಿದ್ದರು.

ಅದನ್ನು ಸರಿಮಾಡುವುದು ಒಂದು ಅಕ್ಷರದ ಕೆಲಸವಂತೆ, ಒಂದು ಓರೆಗೆರೆ ಇದ್ದಲ್ಲಿ ಎರಡು ಹಾಕಿದರಾಯಿತು. ಆದರೆ ಅಂಥ ಓರೆಗೆರೆ ಎಲ್ಲೆಲ್ಲಿದೆ, ಯಾವುದಕ್ಕೆ ಅರ್ಧ ಬೇಕು, ಯಾವುದಕ್ಕೆ ಬೇಡ ಎಂದು ಒಂದೊಂದನ್ನೂ ಓದಿಯೇ ನೋಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಉಳಿದವರು ಅವರವರ ಮನೆಗಳಲ್ಲಿ ಕೆಲಸಕ್ಕೆ ಕೂರುವವರು. ನಡುವೆ ಎರಡು ಸಲ ಕರೆಂಟು ಹೋಯಿತು. ಅಕ್ಕಿ ಆರಿಸುವಂತೆ ಅವಳು ಓದುತ್ತಾ ಹೋದಳು, ನಾನು ಹೇಳಿದ ಕಡೆ ಕಾಗದದಲ್ಲಿ ಗುರುತು ಹಾಕಿದೆ. ನನಗೆ ಪೈಥಾನ್ ಬಾರದು, ಆದರೆ ಪ್ರೂಫ್ ತಿದ್ದಿದ ಕೈ. ಆರೂಮುಕ್ಕಾಲಿಗೆ ಮುಗಿಯಿತು. ಒಂಬತ್ತಕ್ಕೆ ಯಾರೂ ಫೋನ್ ಮಾಡಲಿಲ್ಲ. ಅವಳ ಕೆಲಸದಲ್ಲಿ ಹೊಗಳಿಕೆ ಎಂದರೆ ಅದೇ.

ಈಗಲೂ ಹೊಸ ಪಟ್ಟಿ ಬಂದಾಗ ನನಗೆ ಹೇಳುತ್ತಾಳೆ. 2024ರದ್ದರಲ್ಲಿ ಪೈಥಾನ್ 3.11 ಎಂದಳು. "ಐದರ ಅರ್ಧ ಈಗಲೂ ಎರಡೂವರೆಯೇ ತಾನೇ?" ಎಂದು ಕೇಳಿದೆ. ಹೌದು ಎಂದಳು. "ಹಾಗಾದರೆ ಸರಿ. ಊಟ ಆಯ್ತಾ?" ಎಂದೆ.