ಎಳೆ ಹರಿಯದಿರಲೆಂದು ಗಾಳಿಗೆ ನೀರು

ಶ್ರಾವಣದಲ್ಲಿ ಉರುಕುಂದ ಈರಣ್ಣಸ್ವಾಮಿಯ ದರ್ಶನಕ್ಕೆ ಬರುವವರು ನಮ್ಮ ಸೀಮೆಯ ಹಸಿರು ಮುಖ ನೋಡಿ ಹೋಗುತ್ತಾರೆ. ಪುಷ್ಯ ಮಾಸದಲ್ಲಿ ಬಂದು ನೋಡಿ! ಒಣ ಗಾಳಿಗೆ ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ತುಟಿಗೆ ಬೆಣ್ಣೆ ಹಚ್ಚಬಹುದು. ಹತ್ತಿ ನೂಲಿಗೆ ಏನು ಮಾಡುವುದು?

ನಮಗೆ ಇದು ಸಣ್ಣ ಪ್ರಶ್ನೆಯಲ್ಲ. ಆದೋನಿ ಹತ್ತಿಯ ಪೇಟೆ. ಪಕ್ಕದ ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು ಅಲ್ಲಿ 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಆಗ ಇದೆಲ್ಲ ಬಳ್ಳಾರಿ ಜಿಲ್ಲೆ. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಹತ್ತಿಯ ಎಳೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವವಿದ್ದಾಗ ಅದು ಗಟ್ಟಿ; ಒಣಗಿದರೆ ಪಟಕ್ಕನೆ ಹರಿಯುತ್ತದೆ. ಅದಕ್ಕೇ ವ್ಯಾಪಾರದಲ್ಲೂ ಹತ್ತಿ ನೂಲಿನ ಒಣ ತೂಕದ ಮೇಲೆ ಶೇ. 8.5ರಷ್ಟು ತೇವವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. (ನೀರನ್ನೂ ತೂಗಿ ಮಾರುವ ನ್ಯಾಯವಾದ ವ್ಯಾಪಾರ ಇದೊಂದೇ ಏನೋ!)

ನಮ್ಮ ನೇಕಾರರ ಉತ್ತರ ಗುಂಡಿ ಮಗ್ಗ. ನೇಕಾರ ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು ತುಳಿಯುತ್ತಾನೆ. ಹಾಸಿನ ಎಳೆಗಳು ನೆಲಕ್ಕೆ ಹತ್ತಿರವೇ ಇರುವುದರಿಂದ ಮಣ್ಣಿನ ತಂಪು ಅವಕ್ಕೆ ತಾಗುತ್ತದೆ. ಢಾಕಾದ ಮಸ್ಲಿನ್ ನೂಲುವ ಹೆಂಗಸರದು ಇನ್ನೂ ಸೂಕ್ಷ್ಮ ಕೆಲಸ. ಬೆಳಗಿನ ತಂಪು ಹೊತ್ತಿನಲ್ಲೇ ನೂಲುತ್ತಿದ್ದರು. ಗಾಳಿ ಒಣಗಿದ್ದರೆ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ಅದರ ಮೇಲೆ ಎಳೆ ತೆಗೆಯುತ್ತಿದ್ದರು.

ಮಿಲ್ಲು ಬಂದ ಮೇಲೆ ಕತೆ ಬದಲಾಯಿತು. ಯಂತ್ರದ ಬಿಸಿಗೆ ಒಳಗಿನ ಗಾಳಿ ಇನ್ನೂ ಒಣಗುತ್ತದೆ. ಇಂಗ್ಲೆಂಡಿನ ಲಂಕಾಷೈರ್ ಮೊದಲೇ ತೇವದ ನಾಡು. ಆದರೂ ಅಲ್ಲಿನ ಮಾಲೀಕರು ನೇಯ್ಗೆಯ ಶೆಡ್ಡುಗಳಿಗೆ ಬಿಸಿ ಹಬೆ ಬಿಡತೊಡಗಿದರು. ಎಳೆ ಉಳಿಯಿತು, ಆದರೆ ಒಳಗಿದ್ದ ನೇಕಾರರು ಬೆವರಿ ತೊಯ್ದರು. ಮನೆಗೆ ಹೊರಟರೆ ಹೊರಗೆ ಕೊರೆಯುವ ಚಳಿ! ಅವರು ದನಿಯೆತ್ತಿದರು. 1889ರಲ್ಲಿ ಅಲ್ಲಿನ ಸಂಸತ್ತು ಕಾಯಿದೆ ಮಾಡಿ, ಶೆಡ್ಡಿನ ಗಾಳಿಯಲ್ಲಿ ಎಷ್ಟು ತೇವ ಇರಬಹುದು ಎಂಬುದಕ್ಕೆ ಮಿತಿ ಹಾಕಿತು.

'ಏರ್ ಕಂಡೀಷನಿಂಗ್' ಎಂದರೆ ನಮ್ಮ ಮಕ್ಕಳಿಗೆ ತಂಪು ಕೋಣೆ ನೆನಪಾಗುತ್ತದೆ. 1906ರಲ್ಲಿ ಆ ಹೆಸರನ್ನು ಬಳಕೆಗೆ ತಂದವನು ಅಮೆರಿಕದ ಸ್ಟುವರ್ಟ್ ಕ್ರೇಮರ್ ಎಂಬ ಜವಳಿ ಎಂಜಿನಿಯರ್. ಹತ್ತಿ ಮಿಲ್ಲಿನ ಗಾಳಿಗೆ ತೇವ ಕೂಡಿಸಿ ಹದ ಮಾಡುವುದು ಅವನ ಕಸುಬಾಗಿತ್ತು.

ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯೂ ಇದನ್ನು ಮರೆಯಲಿಲ್ಲ. ಅದರ 15ನೇ ಸೆಕ್ಷನ್ ಪ್ರಕಾರ ಗಾಳಿಗೆ ತೇವ ಕೊಡಲು ಬಳಸುವ ನೀರು ಸಾರ್ವಜನಿಕ ಸರಬರಾಜಿನದೋ ಕುಡಿಯುವ ನೀರಿನ ಮೂಲದ್ದೋ ಆಗಿರಬೇಕಿತ್ತು. ಇಲ್ಲವೇ ಮೊದಲು ಶುದ್ಧಿ ಮಾಡಬೇಕಿತ್ತು. ಕಾರಣ ಸರಳ. ನೂಲಿಗೆಂದು ಚಿಮ್ಮಿಸಿದ ನೀರನ್ನು ಅಲ್ಲೇ ನಿಂತು ದುಡಿಯುವವರೂ ಇಡೀ ಪಾಳಿ ಉಸಿರಾಡುತ್ತಾರೆ.

ಪಾಠದಲ್ಲಿ 'ಆರ್ದ್ರತೆ' ಎಂಬ ಪದ ಬಂದಾಗ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಮೇಷ್ಟ್ರುಗಳೇ, ಒಂದು ದಿನ ಅವರನ್ನು ಗುಂಡಿ ಮಗ್ಗದ ಮುಂದೆ ಕೂರಿಸಿ, ಆ ಗುಂಡಿಯೊಳಗೆ ಕೈಯಿಟ್ಟು ನೋಡಲು ಹೇಳಿ.